ನಲವತ್ತೆಂಟು ಸೆಲ್

ಫೆಬ್ರವರಿ 20, 2025

ಈ ಡೈರಿ ನಮ್ಮ ಯಜಮಾನರದು. ರಿಪೇರಿಗೆ ಬಂದ ಬ್ಯಾಟರಿಗಳ ವಿವರ ಬರೆದಿಡುತ್ತಿದ್ದರು. ಕಳೆದ ನವೆಂಬರ್ ಹದಿನೆಂಟರ ಪುಟದಲ್ಲಿ ‘ಟ್ರ್ಯಾಕ್ಟರ್ ಬ್ಯಾಟರಿ, ಮೂರನೇ ಸೆಲ್ ಶಾರ್ಟ್’ ಅಂತ ಬರೆದು ಊಟಕ್ಕೆ ಎದ್ದವರು ಅಂಗಡಿ ಮೆಟ್ಟಿಲ ಮೇಲೇ ಕುಸಿದರು. ಅಲ್ಲಿಂದಾಚೆಗೆ ಪುಟಗಳೆಲ್ಲ ಖಾಲಿ. ಯಾರ ಹತ್ತಿರವೂ ಆಡಲಾಗದ್ದನ್ನು ಬರೆದುಕೊಳ್ಳಲು ನನಗೊಂದು ಜಾಗ ಬೇಕಿತ್ತು, ಇದೇ ಸಾಕು.

ಇವತ್ತು ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದರು. “ಲಕ್ವ ಹೊಡೆದ ಮೇಲೆ ಒಂದು ವರ್ಷದೊಳಗೆ ಎಷ್ಟು ಮಾತು ವಾಪಸ್ ಬರುತ್ತೋ ಅಷ್ಟೇಮ್ಮಾ. ಮಾತಾಡಿಸ್ತಾ ಇರಿ. ಸುಮ್ನೆ ಮಲಗಿಸ್ಬೇಡಿ.” ಬಲಗೈ, ಬಲಗಾಲು ಹೋದರೆ ಹೋಗಲಿ. ನನಗೆ ಇವರ ಮಾತು ಬೇಕು. ಸದ್ಯಕ್ಕೆ ಇವರಲ್ಲಿ ಉಳಿದಿರುವುದು ಎರಡೇ, ‘ಹೂಂ’ ಮತ್ತು ‘ಬ್ಯಾಡ’. ಎರಡನ್ನೂ ಸರಿಯಾಗಿಯೇ ಆಡುತ್ತಾರೆ. ಮೊನ್ನೆ ಅತ್ತೆ ಸಕ್ಕರೆ ಅಂದುಕೊಂಡು ಉಪ್ಪಿನ ಡಬ್ಬಿ ತೆಗೆದಾಗ ಮಂಚದ ಮೇಲಿಂದಲೇ “ಬ್ಯಾಡ” ಅಂದರು. ನಕ್ಕು ನಕ್ಕು ಸಾಕಾಯಿತು.

ದೊಡ್ಡಬೆಳವಂಗಲದ ಹತ್ತಿರ ಬೋಟ್ ಇಟ್ಟುಕೊಂಡಿರುವ ಸಿಂಧು ಫೋನ್ ಮಾಡಿದ್ದಳು. ಅದರ ಬ್ಯಾಟರಿ ಕೆಲಸ ಮಾಡಿಕೊಡುತ್ತೇನೆಂದು ಇವರು ಹಾಸಿಗೆ ಹಿಡಿಯುವ ಮುಂಚೆಯೇ ಒಪ್ಪಿದ್ದರು. “ಬೇರೆಯವರಿಗೆ ಹೇಳ್ಲಾ ಆಂಟಿ?” ಅಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹತ್ತೊಂಬತ್ತು ವರ್ಷ ಆ ಅಂಗಡಿಯಲ್ಲಿ ಕೂತು ನಾನೇನು ಬರೀ ನೊಣ ಹೊಡೆದೆನೇ? ನಾನೇ ಮಾಡುತ್ತೇನೆ ಅಂದೆ.

ಮಾರ್ಚ್ 10

ಬೋಟ್ ಅಂದರೆ ದೋಣಿಯಲ್ಲ. ಕಲ್ಲು ಒಡೆದು ಬಿಟ್ಟ ಹಳೇ ಕ್ವಾರಿಯಲ್ಲಿ ಆನೆ ಮುಳುಗುವಷ್ಟು ನೀರು ನಿಂತಿದೆ, ಅದರ ಮೇಲೆ ನೀಲಿ ಡ್ರಮ್ಮುಗಳನ್ನು ಕಟ್ಟಿ ಎರಡು ಕೋಣೆಯ ಮನೆ ತೇಲಿಬಿಟ್ಟಿದ್ದಾಳೆ ಪುಣ್ಯಾತ್ಗಿತ್ತಿ. ಬೆಂಗಳೂರಿನವರು ಶನಿವಾರ ಬಂದು ಮಲಗಿ, ಭಾನುವಾರ ಎದ್ದು ಹೋಗುತ್ತಾರೆ. ಜನರೇಟರ್ ಸದ್ದು ಅವರಿಗೆ ಆಗದಂತೆ. ಹಾಗಾಗಿ ಮಾಡಿನ ಮೇಲೆ ಸೋಲಾರ್, ನೆಲದ ಹಲಗೆ ಕೆಳಗೆ ಎಂಟು ದೊಡ್ಡ ಬ್ಯಾಟರಿ.

ನಿನ್ನೆ ಇವರ ಮುಂದೆ ಕಾಗದ ಹಿಡಿದು ಕೂತಿದ್ದೆ. ಎರಡೆರಡನ್ನು ಜೋಡಿ ಮಾಡಿ, ನಾಲ್ಕು ಜೋಡಿಯನ್ನೂ ಪಕ್ಕಪಕ್ಕ ಸೇರಿಸಬೇಕು, ಅಷ್ಟು ಗೊತ್ತು. “ಪ್ಲಸ್ಸು ಮೈನಸ್ಸು ಎರಡನ್ನೂ ಮೊದಲನೇ ಜೋಡಿಯಿಂದಲೇ ತೆಗೀಲೇನ್ರೀ?” “ಬ್ಯಾಡ.” “ಪ್ಲಸ್ಸು ಈ ತುದಿಯಿಂದ, ಮೈನಸ್ಸು ಆ ತುದಿಯಿಂದ?” “ಹೂಂ.” ಹಾಗೆ ಮಾಡದಿದ್ದರೆ ಮೊದಲನೇ ಜೋಡಿಯೊಂದೇ ದುಡಿದು ದುಡಿದು ಬೇಗ ಸಾಯುತ್ತದೆ. ಕೇಬಲ್ಲುಗಳ ಉದ್ದ, ಫ್ಯೂಸ್ ಎಲ್ಲಿ ಬರಬೇಕು, ಗಾಳಿಯ ಕಿಂಡಿ ಎಲ್ಲಿ ಕೊರೆಯಬೇಕು, ಒಂದೊಂದನ್ನೂ ಕೇಳಿದೆ. ಒಂದು ಗಂಟೆ ಹಿಡಿಯಿತು. ಎರಡು ಮಾತಿನಲ್ಲಿ ಇಡೀ ಬೋಟಿನ ವೈರಿಂಗ್ ಹೇಳಿಕೊಟ್ಟರು ನನ್ನ ಗಂಡ!

ಇವತ್ತು ಸ್ವಿಚ್ ಹಾಕಿದಾಗ ಬೋಟಿನ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಮನೆಗೆ ಬಂದು ಹೇಳಿದೆ. ಎಡಗೈಯಲ್ಲಿ ನನ್ನ ಕೆನ್ನೆ ಮುಟ್ಟಿದರು.

ಮಾರ್ಚ್ 24

ಇನ್ನು ಮೇಲೆ ಎರಡು ವಾರಕ್ಕೊಂದು ಸೋಮವಾರ ಬೋಟಿಗೆ ಹೋಗಿ ನೋಡಿಬರಬೇಕು. ಎಂಟು ಬ್ಯಾಟರಿ, ಒಂದೊಂದಕ್ಕೆ ಆರು ಸೆಲ್, ಒಟ್ಟು ನಲವತ್ತೆಂಟು. ಪ್ರತಿ ಸೆಲ್ಲಿನ ಮುಚ್ಚಳ ಬಿಚ್ಚಿ, ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ಅದು ಎಷ್ಟು ಗಟ್ಟಿಯಿದೆ ಅಂತ ನೋಡಬೇಕು. ತುಂಬಿದ ಬ್ಯಾಟರಿಗೆ 1250. ಇಳಿದಷ್ಟೂ ಬ್ಯಾಟರಿ ಸೊರಗಿದೆ ಅಂತ ಅರ್ಥ. ಇವತ್ತು ನಲವತ್ತೆಂಟಕ್ಕೆ ನಲವತ್ತೆಂಟೂ 1250.

ಹೊರಡುವಾಗ ಅತ್ತೆ ತುಂಬಿದ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬರಿ ಬಿಂದಿಗೆ ಎದುರಿಗೆ ಬಂದರೆ ಹೊರಟ ಕೆಲಸ ಕೆಡುತ್ತದೆ, ತುಂಬಿದ್ದು ಬಂದರೆ ಗೆಲ್ಲುತ್ತದೆ ಅಂತ ಅವರ ನಂಬಿಕೆ. ಎಪ್ಪತ್ತನಾಲ್ಕರ ಮುದುಕಿ, ಸೊಸೆಗೋಸ್ಕರ ಬೆಳಿಗ್ಗೆಯೇ ಎದ್ದು ನಿಂತಿರುತ್ತಾರೆ. ಕಣ್ಣು ತುಂಬಿ ಬಂತು.

ಏಪ್ರಿಲ್ 7

ಬಿಸಿಲಿಗೆ ಸೆಲ್ಲುಗಳಲ್ಲಿ ನೀರು ಇಳಿದಿತ್ತು. ಅಕ್ರಂ ಭಾಯ್ ಕೊಟ್ಟ ಡಿಸ್ಟಿಲ್ ನೀರಿನ ಕ್ಯಾನ್ ಒಯ್ದು ಅಷ್ಟಕ್ಕೂ ಹಾಕಿದೆ. ಅರ್ಧ ಕ್ಯಾನ್ ಉಳಿದಿದೆ. ನೆಲಮಂಗಲದ ಅಕ್ರಂ ಭಾಯ್ ಇವರ ಇಪ್ಪತ್ತು ವರ್ಷದ ಸ್ನೇಹಿತರು, ಬೋಟಿನ ಎಂಟು ಬ್ಯಾಟರಿಯೂ ಅವರ ಅಂಗಡಿಯದೇ. ಶುಕ್ರವಾರ ನಮಾಜ್ ಮುಗಿಸಿಕೊಂಡು ಬಂದು ಇವರಿಗೆ ಗಡ್ಡ ಹೆರೆದು, ಉಗುರು ತೆಗೆದು, ಲೋಕದ ಸುದ್ದಿಯೆಲ್ಲ ಹೇಳಿ ಹೋಗುತ್ತಾರೆ. ನೀರು ಬೇಕಾದರೆ ಜಗಲಿಯಲ್ಲಿ ಇಟ್ಟು ಹೋಗುತ್ತಾರೆ.

ಏಪ್ರಿಲ್ 21

ಇವತ್ತು ಹೊರಡುವಾಗ ಇವರದು ಒಂದೇ ಗಲಾಟೆ. ಸ್ನಾನ ಮುಗಿಸಿ, ಕ್ಯಾನ್ ಎತ್ತಿಕೊಂಡು ಹೊಸ್ತಿಲ ಹತ್ತಿರ ಬಂದೆ, “ಬ್ಯಾಡ, ಬ್ಯಾಡ, ಬ್ಯಾಡ!” ಎಡಗೈಯಿಂದ ಮಂಚಕ್ಕೆ ಬಡಿಯುತ್ತಾರೆ. ಅಂಗಡಿಗೆ ಹೊರಟ ದಿನ ಇದ್ಯಾವುದೂ ಇಲ್ಲ. ಮೊದಲಿಂದಲೂ ನೀರೆಂದರೆ ಇವರಿಗೆ ಭಯ, ಈಜು ಬಾರದು. ನಾನು ಬೋಟ್ ಹತ್ತುವುದು ಇಷ್ಟವಿಲ್ಲ ಅನ್ನಿಸುತ್ತದೆ. “ಹುಷಾರಾಗಿರ್ತೀನಿ ಕಣ್ರೀ” ಅಂದು ತಲೆ ಸವರಿ ಬಂದೆ. ದಾರಿಯುದ್ದಕ್ಕೂ ನಗು ಬರುತ್ತಿತ್ತು. ಈ ವಯಸ್ಸಿನಲ್ಲಿ ಇಷ್ಟು ಪ್ರೀತಿ!

ಕ್ಯಾನ್ ತುಂಬಿತ್ತು. ಶುಕ್ರವಾರ ಅಕ್ರಂ ಭಾಯ್ ಇಟ್ಟು ಹೋಗಿರಬೇಕು.

ಮೇ 5

ಮತ್ತೆ ಅದೇ. “ಬ್ಯಾಡ.” ಈಗ ನಗು ಬರಲಿಲ್ಲ. ಹತ್ತೊಂಬತ್ತು ವರ್ಷ ಮನೆ, ಅಂಗಡಿ, ಇವರ ಬೆನ್ನು, ಇಷ್ಟೇ ನೋಡಿಕೊಂಡು ಬಂದವಳು ಈಗ ಒಬ್ಬಳೇ ಸ್ಕೂಟಿ ಹತ್ತಿದರೆ ಗಂಡಸಿಗೆ ಎಲ್ಲೋ ಚುಚ್ಚುತ್ತದೆ. ಬಾಯಿ ಬಾರದಿದ್ದರೂ ಗಂಡಸು ಗಂಡಸೇ.

ಸೆಲ್ 1240, 1235. ಬಿಸಿಲಿಗೆ ಇರಬಹುದು.

ಮೇ 19

ಇವತ್ತು ಮಂಚದಿಂದ ಬಗ್ಗಿ ನನ್ನ ಕೈಯಲ್ಲಿದ್ದ ಕ್ಯಾನನ್ನು ಎಳೆದು ನೆಲಕ್ಕೆ ಕೆಡವಿದರು. ಸುಮಾರು ನೀರು ಮನೆ ತುಂಬ ಹರಿಯಿತು. ಇವರು ಅರ್ಧ ಕೆಳಗೆ, ಅರ್ಧ ಮೇಲೆ. ನಾನೂ ಅತ್ತೆಯೂ ಎತ್ತಿ ಮಲಗಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಆಗಲೂ ನೆಲದ ನೀರಿನ ಕಡೆ ಕೈ ತೋರಿಸುತ್ತ “ಬ್ಯಾಡ ಬ್ಯಾಡ” ಅಂತಲೇ ಇದ್ದರು.

“ಏನ್ ಬ್ಯಾಡ? ನಾನ್ ದುಡಿಯೋದು ಬ್ಯಾಡ್ವಾ? ಸಾಯ್ಲಾ ನಾನು?” ಅಂತ ಕಿರುಚಿಬಿಟ್ಟೆ. ಮದುವೆಯಾದಾಗಿನಿಂದ ಇವರ ಮುಂದೆ ದನಿ ಎತ್ತಿದವಳಲ್ಲ. ನಾನು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅತ್ತೆ ನೆಲ ಒರೆಸಿ, ಕ್ಯಾನ್ ಬಾಗಿಲಲ್ಲಿ ಇಟ್ಟಿದ್ದರು. ಎತ್ತಿಕೊಂಡು ಹೊರಟುಬಿಟ್ಟೆ.

ಮೇ 22

ಡಾಕ್ಟರ್ ಹತ್ತಿರ ಹೇಳಿಕೊಂಡು ಕಣ್ಣೀರು ಹಾಕಿದೆ. ಲಕ್ವ ಆದವರಲ್ಲಿ ಈ ರಂಪ ಸಾಮಾನ್ಯವಂತೆ. ಎಲ್ಲ ದಿನವೂ ಹೀಗೆ ಮಾಡುತ್ತಾರಾ, ಯಾವಾಗ ಮಾಡುತ್ತಾರೆ ಅಂತ ಕೇಳಿದರು. ಸುಮ್ಮನೆ, ಕಾರಣವೇ ಇಲ್ಲದೆ ಸಾರ್ ಅಂದೆ. ಮಂಪರು ಬರಿಸುವ ಮಾತ್ರೆ ಬರೆದು, ರಾತ್ರಿ ಅರ್ಧ ಕೊಡಲು ಹೇಳಿದರು.

ಜೂನ್ 2

ರಾತ್ರಿಯ ಅರ್ಧ ಮಾತ್ರೆ ಬೆಳಿಗ್ಗೆವರೆಗೆ ನಿಲ್ಲುವುದಿಲ್ಲ. ಇವತ್ತು ಬೋಟಿಗೆ ಹೊರಡುವ ಮುಂಚೆ ಅರ್ಧ ಕೊಟ್ಟೆ. ಒಂದೇ ಒಂದು ಸಲ “ಬ್ಯಾಡ” ಅಂದು ಕಣ್ಣು ಮುಚ್ಚಿದರು. ನೆಮ್ಮದಿಯಾಗಿ ಹೋಗಿ ಬಂದೆ.

ಜೂನ್ 16

1215. ಎಂಟೂ ಒಟ್ಟಿಗೆ ಇಳಿಯುತ್ತಿವೆ. ವೈರಿಂಗ್ ಪೂರ್ತಿ ಬಿಚ್ಚಿ ನೋಡಿದೆ, ಕೇಬಲ್ ಬಿಗಿಯಾಗಿವೆ, ಸೋಲಾರ್ ಸರಿಯಾಗಿ ಚಾರ್ಜ್ ಮಾಡುತ್ತಿದೆ. ಸಂಜೆ ತುಂಬಿಸಿದ್ದು ಬೆಳಗಾಗುವಷ್ಟರಲ್ಲಿ ತಾನಾಗೇ ಸೋರಿಹೋಗುತ್ತಿದೆ. ಒಂದು ಸೆಲ್ ಕೆಟ್ಟರೆ ಆ ಸೆಲ್ಲಿನ ಹಣೆಬರಹ ಅನ್ನಬಹುದು. ನಲವತ್ತೆಂಟಕ್ಕೂ ಒಂದೇ ರೋಗ ಅಂದರೆ?

ಮೊದಲಾದರೆ ಇವರನ್ನು ಕೇಳುತ್ತಿದ್ದೆ. ಈಗ ಕೇಳಿ ಏನು ಪ್ರಯೋಜನ, ಪಾಪ. ಮಲಗಲಿ ಅಂತ ಬಿಟ್ಟೆ.

ಜುಲೈ 14

1180. ಶನಿವಾರ ರಾತ್ರಿ ಬೋಟಿನಲ್ಲಿ ದೀಪ, ಫ್ಯಾನ್ ಎರಡೂ ನಿಂತು, ಬಂದವರು ಮೊಬೈಲ್ ಬೆಳಕಲ್ಲಿ ದಡ ಸೇರಿದರಂತೆ. ಜೊತೆಯಲ್ಲಿ ಮಗು ಬೇರೆ. ಸಿಂಧು ಬೈಯಲಿಲ್ಲ. “ಆಂಟಿ, ಅಂಕಲ್ ಇದ್ದಿದ್ರೆ ಹಿಂಗಾಗ್ತಿತ್ತಾ?” ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಮಾತ್ರೆ ಈಗ ದಿನಾ ಬೆಳಿಗ್ಗೆಯೂ ಅರ್ಧ ಕೊಡುತ್ತಿದ್ದೇನೆ. ಒಂದು ದಿನ ಕೊಟ್ಟು ಒಂದು ದಿನ ಬಿಟ್ಟರೆ ಒಗ್ಗುವುದಿಲ್ಲ.

ಜುಲೈ 18, ಶುಕ್ರವಾರ

ಅಕ್ರಂ ಭಾಯ್ ಗಡ್ಡ ಹೆರೆಯಲು ಕತ್ತಿಗೆ ಬ್ಲೇಡ್ ಹಾಕುತ್ತಿದ್ದರು. ನಾನು ಎದುರಿಗೆ ನಿಂತು ಕೇಳಿಯೇಬಿಟ್ಟೆ, “ಹಳೇ ಸ್ಟಾಕ್ ಕೊಟ್ರಾ ಭಾಯ್ ನಮಗೆ?”

ಅವರ ಮುಖ ಬಿಳುಚಿಕೊಂಡಿತು. “ಎಂಟೂ ಒಟ್ಗೆ ಹೋಗ್ತಿದ್ರೆ ಅದು ಬ್ಯಾಟರಿ ತಪ್ಪಲ್ಲ ಭಾಬಿ. ನೀರು ಯಾವ್ದು ಹಾಕ್ತಿದ್ದೀರಾ?”

“ನಿಮ್ದೇ ನೀರು! ಕುಣಿಲಾರದವಳು ನೆಲ ಡೊಂಕು ಅಂದ್ಳಂತೆ. ಬ್ಯಾಟರಿ ಕೆಟ್ರೆ ನೀರಿನ ಮೇಲೆ ಹಾಕ್ತೀರಾ?”

“ಅರೇ, ಹಂಗಲ್ಲ ಭಾಬಿ, ನಾನು ಏಪ್ರಿಲ್ನಿಂದ...”

ಮುಗಿಸಲು ಬಿಡಲಿಲ್ಲ ನಾನು. “ಇವರು ಬಾಯ್ಬಿಟ್ಟು ಮಾತಾಡೋ ಹಾಗಿದ್ದಿದ್ರೆ ನೀವು ಹಿಂಗ್ ಮಾಡ್ತಿದ್ರಾ?”

ಅವರು ಬ್ಲೇಡ್ ತೆಗೆದು ಕಾಗದದಲ್ಲಿ ಸುತ್ತಿದರು. ಇವರ ಭುಜ ಮುಟ್ಟಿ, “ಬರ್ತೀನಿ ಜಯಣ್ಣ” ಅಂದು ಹೊರಟರು. ಇವರು ಕಣ್ಣು ಬಿಟ್ಟೇ ಇದ್ದರು. ಹೂಂ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ.

ಆಗಸ್ಟ್ 8

ವರಮಹಾಲಕ್ಷ್ಮಿ. ಕಳಶ ಇಟ್ಟೆ. ಬೇಡಿಕೊಳ್ಳಲು ಏನೂ ತೋಚಲಿಲ್ಲ.

ಆಗಸ್ಟ್ 25

1140. ಐದು ಶುಕ್ರವಾರ ನಾನೇ ಗಡ್ಡ ಹೆರೆದೆ, ಎರಡು ಕಡೆ ಕುಯ್ದಿದೆ. ಇವರಿಗೆ ಗೊತ್ತೇ ಆಗುವುದಿಲ್ಲ. ಮೊದಲಿನ ಹಾಗೆ ರಂಪವಿಲ್ಲ, ಕೊಟ್ಟದ್ದು ತಿನ್ನುತ್ತಾರೆ, ಮಲಗಿಸಿದ ಮಗ್ಗುಲಲ್ಲೇ ಇರುತ್ತಾರೆ. ನೋಡಿಕೊಳ್ಳುವುದು ಸುಲಭವಾಗಿದೆ.

ಕ್ಯಾನ್ ಇನ್ನೂ ತುಂಬಿಯೇ ಇದೆ. ಒಳ್ಳೆಯದೇ ಆಯಿತು, ಆ ಮನುಷ್ಯನ ಮುಂದೆ ಹೋಗಿ ಕೈಯೊಡ್ಡುವುದು ತಪ್ಪಿತು.

ಸೆಪ್ಟೆಂಬರ್ 8

ಮುಗಿಯಿತು. ದೀಪ ಹಾಕಿದ ಹತ್ತು ನಿಮಿಷಕ್ಕೆ ಎಂಟೂ ಮಲಗಿದವು. ಸಿಂಧು ಲಿಥಿಯಂ ಬ್ಯಾಟರಿ ಹಾಕಿಸುತ್ತಾಳಂತೆ. ಅದಕ್ಕೆ ನೀರೂ ಬೇಡ, ಗಾಜಿನ ಕೊಳವೆಯೂ ಬೇಡ, ಫೋನಿನಲ್ಲೇ ಎಲ್ಲ ಕಾಣುತ್ತದಂತೆ. ಬೆಂಗಳೂರಿನ ಕಂಪನಿಯವರೇ ಬಂದು ಕೂರಿಸುತ್ತಾರೆ. “ನಿಮ್ ಮೇಲೆ ಬೇಜಾರಿಲ್ಲ ಆಂಟಿ” ಅಂದಳು. ಇವರು ಒಪ್ಪಿಕೊಂಡ ಕೊನೇ ಕೆಲಸ ಅದು. ಅದನ್ನೂ ನಾನು ಕೈಯಾರೆ ಕೊಂದೆ.

ಸೆಪ್ಟೆಂಬರ್ 22

ಸತ್ತ ಬ್ಯಾಟರಿಗಳನ್ನು ಎತ್ತಿಸಬೇಕಿತ್ತು. ಯಾರನ್ನು ಕರೆಯಲಿ? ಅಕ್ರಂ ಭಾಯ್‌ಗೇ ಫೋನ್ ಮಾಡಿದೆ. ಬರುವುದಿಲ್ಲ ಅನ್ನಬಹುದಿತ್ತು. ಗಾಡಿ ತೆಗೆದುಕೊಂಡು ಬಂದರು.

ಬೋಟಿನ ಮೂಲೆಯಲ್ಲಿ ನನ್ನ ಕ್ಯಾನ್ ಇತ್ತು. ಅವರು ಜೇಬಿನಿಂದ ಪೆನ್ನಿನಂಥ ಮೀಟರ್ ತೆಗೆದರು, ನೀರಿನಲ್ಲಿ ಉಪ್ಪಿನಂಶ ಎಷ್ಟಿದೆ ಅಂತ ತೋರಿಸುವಂಥದ್ದು. ಮೊದಲು ತಾವು ತಂದಿದ್ದ ಸೀಲ್ ಒಡೆಯದ ಕ್ಯಾನಿಗೆ ಅದ್ದಿದರು, 2. ಆಮೇಲೆ ನನ್ನದಕ್ಕೆ, 190.

“ಇದು ನನ್ ನೀರಲ್ಲ ಭಾಬಿ. ನಾನು ನಿಮ್ಗೆ ಕೊನೇ ಕ್ಯಾನ್ ಕೊಟ್ಟಿದ್ದು ಏಪ್ರಿಲ್ ಮೊದಲ್ನೇ ವಾರ. ಆಮೇಲೆ ನೀವು ಕೇಳೇ ಇಲ್ಲ. ಬೇರೆ ಕಡೆ ತಗೊಂತೀರೇನೋ ಅಂತ ನಾನೂ ಸುಮ್ನಾದೆ. ಅವತ್ತು ಹೇಳಕ್ಕೆ ಬಂದೆ, ನೀವು ಬಿಡ್ಲಿಲ್ಲ.”

ಹಾಗಾದರೆ ಐದು ತಿಂಗಳು ಕ್ಯಾನ್ ತುಂಬಿದವರು ಯಾರು?

ಸೆಪ್ಟೆಂಬರ್ 23, ಬೆಳಿಗ್ಗೆ

ಖಾಲಿ ಕ್ಯಾನನ್ನು ಜಗಲಿಯಲ್ಲಿ ಎಂದಿನ ಜಾಗದಲ್ಲಿಟ್ಟು, ಬೋಟಿಗೆ ಹೊರಡಬೇಕು ಅಂತ ಗಟ್ಟಿಯಾಗಿ ಅಂದು, ಸ್ನಾನಕ್ಕೆ ಹೋದ ಹಾಗೆ ಮಾಡಿ, ಬಚ್ಚಲ ಬಾಗಿಲ ಸಂದಿಯಿಂದ ನೋಡಿದೆ.

ಅತ್ತೆ ಬಂದರು. ಬಾಗಲಾರದೆ ಬಾಗಿ ಕ್ಯಾನ್ ಎತ್ತಿಕೊಂಡು, ಮಂಚದ ಪಕ್ಕದಲ್ಲಿರುವ ಫಿಲ್ಟರ್ ನೀರಿನ ಬಿಂದಿಗೆಯಿಂದ ಚೊಂಬು ಚೊಂಬಾಗಿ ಮೊಗೆದು ತುಂಬಿದರು. ಊರಿನ ಘಟಕದಿಂದ ನಾವು ಕುಡಿಯಲು ತರುವ ನೀರು ಅದು. ಮುಚ್ಚಳ ಬಿಗಿದು, ಸೆರಗಿನಿಂದ ಒರೆಸಿ, ಬಾಗಿಲಲ್ಲಿಟ್ಟರು.

“ಇದ್ಯಾಕತ್ತೆ?” ಅಂದೆ.

“ಬರೀ ಕ್ಯಾನ್ ಹಿಡ್ಕಂಡು ಹೊಸ್ಲು ದಾಟ್ಬಾರ್ದು ಕಣಮ್ಮ. ಒಬ್ಳೇ ನೀರ್ ಮೇಲೆ ಹೋಗ್ತೀಯ, ಏನಾರಾ ಹೆಚ್ಚುಕಮ್ಮಿ ಆದ್ರೆ? ಒಳ್ಳೆ ನೀರೇ ಹಾಕ್ತೀನಿ, ಕೊಳಾಯಿದಲ್ಲ.”

ಏನು ಹೇಳಲಿ ಆ ಮುದುಕಿಗೆ? ಶುದ್ಧ ನೀರು ಅಂತ ಘಟಕದ ಮೇಲೇ ಬರೆದಿದೆ. ನಮಗೆ ಶುದ್ಧವೇ. ಬ್ಯಾಟರಿಗೆ ಅಷ್ಟು ಉಪ್ಪೂ ವಿಷ ಅಂತ ನಾನು ಯಾವತ್ತಾದರೂ ಹೇಳಿದ್ದೆನೇ?

ಅವರೇ ಮತ್ತೆ ಅಂದರು. “ಮೊದ್ಮೊದ್ಲು ಇವನು ನನ್ನ ನೋಡಿ ಬ್ಯಾಡ ಬ್ಯಾಡ ಅನ್ನೋನು. ಅಮ್ಮಂಗೆ ಭಾರ ಆಯ್ತದೆ ಅಂತಾನೆ ನನ್ ಕಂದ, ಅಂದ್ಕಂಡೆ. ಈಗ ಅನ್ನಾಕಿಲ್ಲ.”

ಸೆಪ್ಟೆಂಬರ್ 23, ಸಂಜೆ

ಹಿಂದಿನ ಪುಟಗಳನ್ನೆಲ್ಲ ತಿರುವಿದೆ. ಏಪ್ರಿಲ್ 21, ಬ್ಯಾಡ. ಮೇ 5, ಬ್ಯಾಡ. ಮೇ 19, ಕ್ಯಾನ್ ಕೆಡವಿದರು. ಜೂನ್ 2, ಒಂದು ಸಲ. ಆಮೇಲೆ ಇಲ್ಲ. ಅಂಗಡಿಗೆ ಹೊರಟ ದಿನ ಇಲ್ಲ ಅಂತಲೂ ನಾನೇ ಬರೆದಿದ್ದೇನೆ, ನನ್ನದೇ ಅಕ್ಷರ. ಮಂಚದ ಪಕ್ಕದಲ್ಲೇ ಕಣ್ಣೆದುರಿಗೇ ಆ ನೀರು ತುಂಬುವುದನ್ನು ನೋಡಿ, ಉಳಿದಿದ್ದ ಎರಡರಲ್ಲಿ ಒಂದು ಮಾತನ್ನು ನನಗೂ ಹೇಳಿದರು, ಅವರಮ್ಮನಿಗೂ ಹೇಳಿದರು. ಅವರಮ್ಮ ತನ್ನ ಮೇಲಿನ ಮಮತೆ ಅಂದುಕೊಂಡರು. ನಾನು ಮೊದಲು ಪ್ರೀತಿ ಅಂದುಕೊಂಡೆ, ಆಮೇಲೆ ಹೊಟ್ಟೆಯುರಿ, ಆಮೇಲೆ ರೋಗ. ನಲವತ್ತೆಂಟು ಸೆಲ್ಲಿನ ಮುಚ್ಚಳ ಬಿಚ್ಚಿ ಬಿಚ್ಚಿ ನೋಡಿದವಳು ಒಂದು ಸಲ ಇವರ ಪಕ್ಕ ಕೂತು, “ಏನ್ ಬ್ಯಾಡ್ರೀ, ನಾನು ಹೋಗೋದಾ, ಈ ನೀರಾ?” ಅಂತ ಕೇಳಲಿಲ್ಲ. ನೀರಾ ಅಂದಿದ್ದರೆ ಸಾಕಿತ್ತು, ಹೂಂ ಅಂದುಬಿಡುತ್ತಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ನಾನು ಹಾಕಿದ ಬರೆ ದಿನಕ್ಕೊಂದು ಮಾತ್ರೆ. ಡಾಕ್ಟರ್ ಹೇಳಿದ್ದು ರಾತ್ರಿ ಅರ್ಧ ಮಾತ್ರ.

ಸೆಪ್ಟೆಂಬರ್ 26

ಡಾಕ್ಟರ್‌ಗೆ ಎಲ್ಲ ಹೇಳಿದೆ. ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ, ಇಳಿಸುತ್ತ ಬನ್ನಿ ಅಂದರು. “ಮಾತು?” ಅಂದೆ. “ನೋಡೋಣಮ್ಮ. ವರ್ಷ ಆಗ್ತಾ ಬಂತಲ್ಲ.”

ಮಧ್ಯಾಹ್ನ ಅಕ್ರಂ ಭಾಯ್ ಬಂದರು. ನಾನು ಅವರ ಕಾಲಿಗೇ ಬೀಳಲು ಹೋದೆ, “ತೌಬಾ ತೌಬಾ, ಏಳಿ ಭಾಬಿ” ಅಂದರು. ಗಡ್ಡ ಹೆರೆದರು. ನಾನು ಕುಯ್ದಿದ್ದ ಕಡೆ ಮೆಲ್ಲಗೆ ಬೆರಳಾಡಿಸಿದರು. ಇವರು ನಗುತ್ತಿದ್ದ ಹಳೇ ಕಥೆಗಳನ್ನೆಲ್ಲ ಒಂದೂ ಬಿಡದೆ ಹೇಳಿದರು. ಇವರು ನಗಲಿಲ್ಲ.

ಅಕ್ಟೋಬರ್ 1

ಆಯುಧ ಪೂಜೆ. ಅಂಗಡಿ ತೆಗೆಯಲಿಲ್ಲ.

ಅಕ್ಟೋಬರ್ 27

ಮಾತ್ರೆ ಪೂರ್ತಿ ನಿಂತು ಹತ್ತು ದಿನವಾಯಿತು. ಕಣ್ಣು ಬಿಚ್ಚಿಯೇ ಇರುತ್ತಾರೆ. ಬೆಳಿಗ್ಗೆ ಕಾಫಿ ಬೇಕಾ ಅಂದಾಗ “ಹೂಂ” ಅಂದರು. ಎಷ್ಟೋ ತಿಂಗಳ ಮೇಲೆ ಕೇಳಿದ ಮಾತು. ನಾನೂ ಅತ್ತೆಯೂ ಕೈ ಕೈ ಹಿಡಿದುಕೊಂಡು ಅತ್ತೆವು. ದೇವರು ಕಣ್ಣು ಬಿಟ್ಟ ಅಂದರು ಅತ್ತೆ.

ಅತ್ತೆ ಒಳಗೆ ಹೋದ ಮೇಲೆ ಬೋಟಿನ ವೈರಿಂಗ್ ಕಾಗದ ತಂದು, ದಿಂಬು ಕೊಟ್ಟು ಕೂರಿಸಿ, ಮಾರ್ಚಿನಲ್ಲಿ ಕೂತ ಹಾಗೇ ಎದುರಿಗೆ ಕೂತೆ.

“ಕಾಫಿ ಸಾಕೇನ್ರೀ?”

“ಹೂಂ.”

“ಇನ್ನೊಂದು ಲೋಟ ತರ್ಲಾ?”

“ಹೂಂ.”

“ಪ್ಲಸ್ಸು ಮೈನಸ್ಸು ಎರಡೂ ಒಂದೇ ತುದಿಯಿಂದ ತೆಗೀಲಾ?”

“ಹೂಂ.”

ಮಂಚದ ಪಕ್ಕದ ಬಿಂದಿಗೆ ಎತ್ತಿ ತಂದು ಇವರ ಕಣ್ಣ ಮುಂದೆ ಹಿಡಿದೆ. “ಈ ನೀರು ಹಾಕ್ಲೇನ್ರೀ ಬ್ಯಾಟರಿಗೆ? ನೋಡಿ, ಸರಿಯಾಗ್ ನೋಡಿ. ಫಿಲ್ಟರ್ ನೀರು ಕಣ್ರೀ ಇದು. ಹಾಕ್ಲಾ?”

ನೀರನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು, ನನಗೆ ಯಾವ ಉತ್ತರ ಬೇಕು ಅಂತ ಹುಡುಕುವವರ ಹಾಗೆ. ಆಮೇಲೆ ಹೂಂ ಅಂದರು.